ಮಾವ ಆರಿಸದೆ ಬಂದ ರಿವಾಲ್ವರ್

ಮೊನ್ನೆ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡಲು ಕೂತಿದ್ದೆ. ಸೀಸೆಯ ಉದ್ದ ಮೂತಿಯನ್ನು ತೂತಿಗಿಟ್ಟು ಒತ್ತಿದೆನೋ ಇಲ್ಲವೋ, ಆ ವಾಸನೆ ಬಂತು. ಬ್ಲೌಸು ಹೊಲಿದು ಬದುಕುವವಳಿಗೆ ಅದೇನು ಹೊಸ ವಾಸನೆಯಲ್ಲ. ಆದರೆ ಮೊನ್ನೆ ಹೊತ್ತು ಮುಳುಗುತ್ತಿತ್ತು, ಹಿತ್ತಲ ಬಾಗಿಲು ತೆರೆದಿತ್ತು, ಹಳ್ಳದ ಕಡೆಯಿಂದ ಗಾಳಿ ಬರುತ್ತಿತ್ತು. ನಾನು ತಿರುಗಿಯೂ ನೋಡದೆ, "ಸೀಸೆ ಇಲ್ಲೇ ಐತೆ ಮಾವ, ತಗೊಳ್ರಿ" ಎಂದುಬಿಟ್ಟೆ. ಆಮೇಲೆ ನೆನಪಾಯಿತು. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ...

ನಮ್ಮ ಮಾವ ತಮ್ಮ ಬಂದೂಕಿಗೆ ಹಚ್ಚುತ್ತಿದ್ದದ್ದು ನನ್ನ ಮಿಷನ್ನಿನ ಎಣ್ಣೆಯನ್ನೇ. ಹೇಳದೆ ಕೇಳದೆ ಸೀಸೆ ಒಯ್ಯುತ್ತಿದ್ದರು. ಬಂದೂಕು ಕುಡಿದಷ್ಟು ಎಣ್ಣೆಯನ್ನು ನನ್ನ ಮಿಷನ್ನು ಎಂದೂ ಕುಡಿದಿಲ್ಲ. ನಾನು ಗೊಣಗಿದರೆ, "ನಿನ್ ಮಿಷನ್ ನಿಂತ್ರೆ ಒಂದ್ ಜಂಪರ್ ತಡ ಆಗ್ತೈತೆ ಕಣವ್ವ, ಇದು ನಿಂತ್ರೆ ಜ್ವಾಳನೇ ಇರಲ್ಲ" ಎಂದು ನಗುತ್ತಿದ್ದರು. ಆ ಬಂದೂಕನ್ನು ಅವರು ಯಾರ ಕೈಗೂ ನೇರವಾಗಿ ಕೊಡುತ್ತಿರಲಿಲ್ಲ. ನಳಿಗೆ ಮಡಚಿ, ತೋಟಾ ತೆಗೆದು, ಕಂಬಳಿಯ ಮೇಲೆ ಇಡಬೇಕು. ಬೇಕಾದವರು ಕಂಬಳಿಯಿಂದ ಎತ್ತಿಕೊಳ್ಳಬೇಕು. ಎಲೆಕ್ಷನ್ ಬಂತೆಂದರೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಬೇಕಿತ್ತು. ಆಗ ದುಪ್ಪಟಿಯಲ್ಲಿ ಸುತ್ತಿಕೊಂಡು ಹೋಗಿ ಬಿಟ್ಟು ಬಂದು, ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಬಂದೂಕು ತೂಗುಹಾಕುತ್ತಿದ್ದ ಗೋಡೆಯ ಖಾಲಿ ಮೊಳೆಯನ್ನು ನೋಡುತ್ತಾ ಕೂರುತ್ತಿದ್ದರು.

ನ್ಯಾಮತಿಯ ಹೊರಗೆ ನಮ್ಮ ಹೊಲ. ಅದರ ತುದಿಗೆ ಹಳ್ಳ, ಹಳ್ಳದ ತುಂಬ ಲಂಟಾನದ ಪೊದೆ. ಮೆಕ್ಕೆಜೋಳ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಆ ಪೊದೆಯಿಂದಲೇ ಎದ್ದು ಬರುತ್ತಿದ್ದವು. ಪ್ರಾಯದಲ್ಲಿ ಮಾವ ದೊಡ್ಡ ಶಿಕಾರಿಯಂತೆ. ಕಾನೂನು ಬಂದ ಮೇಲೆ ಶಿಕಾರಿ ನಿಂತಿತು, ಬೆಳೆ ಕಾಯಲೆಂದು ಲೈಸೆನ್ಸು ಮಾತ್ರ ಉಳಿಯಿತು. ಸಂಜೆ ಹೊಲದ ಬದುವಿನಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹಾರಿಸಿ, ಹಂದಿಗಳನ್ನು ಬೈದು, ಮನೆಗೆ ಬಂದು ಉಣ್ಣುತ್ತಿದ್ದರು. ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಂದಿಗಳಿಗೆ ಈಡಿಗಿಂತ ಅವೇ ಹೆಚ್ಚು ನಾಟುತ್ತಿದ್ದವೇನೋ.

ಹಳೆಯ ಶಿಕಾರಿಯವರಲ್ಲಿ ಒಂದು ಕಟ್ಟಳೆ ಇತ್ತು. ಹೊಡೆದ ಪ್ರಾಣಿಯನ್ನು ಅರೆಜೀವ ಬಿಟ್ಟು ಬರಬಾರದು. ಗಾಯವಾಗಿ ಓಡಿದರೆ ಹುಡುಕಿ, ಅದರ ನೋವು ಮುಗಿಸಿಯೇ ಬರಬೇಕು. ಸಿಗದಿದ್ದರೆ ಸಿಗುವ ತನಕ ಹೊಡೆದವನು ಬಾಡು ಮುಟ್ಟುವಂತಿಲ್ಲ. ಉಣ್ಣುವಾಗ ಮೊದಲ ತುತ್ತನ್ನು ಆ ಜೀವದ ಹೆಸರಿನಲ್ಲಿ ತಟ್ಟೆಯ ಅಂಚಿಗೆ ಎತ್ತಿಡಬೇಕು. ಇದನ್ನು ಮಾವ ಮೊದಲೆಲ್ಲ ನಮಗೆ ಕಥೆಯ ಹಾಗೆ ಹೇಳುತ್ತಿದ್ದರು. ಅದು ನಮ್ಮ ಮನೆಯ ತಟ್ಟೆಗೇ ಬಂದು ಕೂರುತ್ತದೆಂದು ಯಾರಿಗೆ ಗೊತ್ತಿತ್ತು.

ಆ ಸಂಜೆ ಒಂದು ಹಂದಿ ನಮ್ಮ ನಾಯಿಯ ಹೊಟ್ಟೆ ಸೀಳಿತು. ಮಾವನ ಹಿಂದೆ ಮುಂದೆ ಬಾಲದಂತೆ ತಿರುಗುತ್ತಿದ್ದ ನಾಯಿ ಅದು. ಅದು ಬಿದ್ದಿದ್ದನ್ನು ಕಂಡ ಮಾವ ನಳಿಗೆಯನ್ನು ಆಕಾಶಕ್ಕೆ ಎತ್ತಲಿಲ್ಲ, ನೇರವಾಗಿ ಹಂದಿಗೇ ಹೊಡೆದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಈಡು ಹಂದಿಯ ಹಿಂಗಾಲ ಹತ್ತಿರ ಬಿತ್ತು. ಅದು ಕಿರುಚುತ್ತಾ ಹಳ್ಳದ ಪೊದೆ ಹೊಕ್ಕಿತು. ಹಿಂದೆಯೇ ಹೋಗಲು ಹೆಜ್ಜೆ ಎತ್ತಿದ ಮಾವ ಬದುವಿನ ಮೇಲೆ ಕುಸಿದರು. ಲಕ್ವ. ನಾನೂ ನಮ್ಮ ಮನೆಯವರೂ ಓಡಿಹೋಗಿ ನೋಡಿದರೆ ಎಡಗೈ, ಎಡಗಾಲು ಬಿದ್ದುಹೋಗಿದ್ದವು, ಬಾಯಿ ಓರೆಯಾಗಿತ್ತು. ಬಲಗೈ ಮಾತ್ರ ಹಳ್ಳದ ಕಡೆ ತೋರಿಸುತ್ತಿತ್ತು. ನನ್ನನ್ನು ಎತ್ತಬೇಡಿ, ಅದನ್ನು ಹುಡುಕಿ ಎನ್ನುವ ಹಾಗೆ... ಒಳಗೆ ಅದು ಇನ್ನೂ ಕಿರುಚುತ್ತಿತ್ತು. ಆ ದನಿಯನ್ನು ನಾನೂ ಕೇಳಿದ್ದೇನೆ.

ಮಾತು ಬಂತು, ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು, ಎಡಗೈ ಬರಲಿಲ್ಲ. ಭಾನುವಾರ ಮನೆಯೆಲ್ಲ ಕೋಳಿ ಸಾರಿನ ಘಮ ತುಂಬಿದ್ದರೆ ಮಾವ ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಆ ಒಂದು ತುತ್ತು. ತಟ್ಟೆ ತೊಳೆಯುವವಳು ನಾನು. ದಿನವೂ ಅದನ್ನು ಹಿತ್ತಲಿಗೆ ಎಸೆಯುತ್ತಿದ್ದೆ. ಹೊತ್ತು ಮುಳುಗಿದರೆ ಸಾಕು, ಮಾವ ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಕೇಳಿಸ್ತೇನವ್ವ?" ಎನ್ನುತ್ತಿದ್ದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಸತ್ತಿರುತ್ತದೆ, ಇಲ್ಲವೇ ವಾಸಿಯಾಗಿರುತ್ತದೆ ಬಿಡಿ ಎಂದು ನಾವು ಸಮಾಧಾನ ಹೇಳುತ್ತಿದ್ದೆವು. ಆದರೆ ಕುರಿ ಕಾಯುವವನೊಬ್ಬ ಬಂದು, ಹಳ್ಳದಲ್ಲಿ ಒಂದು ಹಂದಿ ಹಿಂಗಾಲು ಎಳೆಯುತ್ತಾ ಓಡಾಡುತ್ತದೆ ಎಂದು ಹೇಳಿಹೋದ. ಅಲ್ಲಿಗೆ ನಮ್ಮ ಸಮಾಧಾನದ ಮಾತು ಮುಗಿಯಿತು.

ಆಮೇಲೆ ಮಾವ ರಿವಾಲ್ವರಿನ ಮಾತು ತೆಗೆದರು. ಬಂದೂಕಿಗೆ ಎರಡು ಕೈ ಬೇಕು, ರಿವಾಲ್ವರಿಗೆ ಒಂದೇ ಸಾಕು. ಪೊದೆಯೊಳಗೆ ಉದ್ದ ನಳಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡದು ಹಗುರಾಗಿ ಬರುತ್ತದೆ. ಹತ್ತಿರ ಹೋಗಿ ಒಂದೇ ಏಟಿಗೆ ಮುಗಿಸಿಬಿಟ್ಟರೆ ಅದಕ್ಕೂ ಬಿಡುಗಡೆ, ತನಗೂ ಬಿಡುಗಡೆ. ನಮ್ಮ ಮನೆಯವರು ಕೆರಳಿ ಕೆಂಡವಾದರು. "ಲೈಸೆನ್ಸು ಯಾರಪ್ಪ ಕೊಡ್ತಾರೆ? ಶಿಕಾರಿಗೆ ಅಂತ ಹೇಳಿದ್ರೆ ನಿನ್ನೇ ಒಳಗೆ ಹಾಕ್ತಾರೆ. ಒಂದು ಹಂದಿ ಸಲುವಾಗಿ ಹುಚ್ಚು ಹಿಡಿಸ್ಕೊಂಡಿಯಲ್ಲ" ಎಂದು ರೇಗಿದರು. ಮಾವ ತಟ್ಟೆಯ ಮುಂದೆ ಕೂತರು. ಅವತ್ತೂ ಮೊದಲ ತುತ್ತನ್ನು ಎತ್ತಿಟ್ಟು ಉಂಡರು.

ಕೈ ತೋರಿಸಲು ದಾವಣಗೆರೆಯ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವ ಕೆಲಸ ನನ್ನದಾಗಿತ್ತು. ಅಂತಹ ಒಂದು ದಿನ ಡಾಕ್ಟರ ಹತ್ತಿರದಿಂದ ಹೊರಗೆ ಬಂದವರೇ, "ಇನ್ನೊಂದ್ ಅಂಗಡಿಗೆ ಹೋಗಾದೈತೆ, ನಿನ್ ಗಂಡಗೆ ಹೇಳಬ್ಯಾಡ" ಎಂದರು. ಲೈನಿಂಗ್ ಬಟ್ಟೆ ಕೊಳ್ಳಲು ದಾವಣಗೆರೆಗೆ ಹೋಗುತ್ತಿದ್ದ ನಾನು, ಅವತ್ತು ಮಾವನಿಗೆ ರಿವಾಲ್ವರ್ ಆರಿಸಲು ಹೋದೆ.

ಬಂದೂಕಿನ ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ನನ್ನ ಮಿಷನ್ನಿನ ವಾಸನೆ ಬಂತು. ಅಂಗಡಿಯವರು ಮಾವನ ಹಳೆಯ ಪರಿಚಯದವರು, ತೋಟಾ ಕೊಳ್ಳುತ್ತಿದ್ದದ್ದು ಅಲ್ಲಿಯೇ. ಹಸಿರು ಬಟ್ಟೆ ಹಾಸಿ, ಖಾಲಿ ಮಾಡಿ ತೋರಿಸಿ, ಒಂದು ರಿವಾಲ್ವರ್ ಇಟ್ಟರು. ಮಾವ ಬಟ್ಟೆಯಿಂದ ಎತ್ತಿಕೊಂಡರು. ನಾನು ತೋಳಿನ ಸುತ್ತಳತೆ ನೋಡುವ ಹಾಗೆಯೇ ಅವರು ಹಿಡಿಯನ್ನು ಅಂಗೈಗೆ ಹೊಂದಿಸಿ ಹೊಂದಿಸಿ ನೋಡಿದರು. ಹಿಡಿ ಚಿಕ್ಕದಾದರೆ ಕೈಯಲ್ಲಿ ತಿರುಗುತ್ತದೆ, ದಪ್ಪವಾದರೆ ಬೆರಳು ಮುಟ್ಟುವುದಿಲ್ಲ. ಹೆಬ್ಬೆರಳಿನಿಂದ ತೋಟಾಕ್ಕೆ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆದರು. ಅದು ಒಂದೇ ಕೈಯಲ್ಲಿ ಆಗಬೇಕಿತ್ತು, ಆಯಿತು. ನಳಿಗೆ ತೀರಾ ಗಿಡ್ಡ, ಗುರಿ ಅಲ್ಲಾಡುತ್ತದೆ ಎಂದು ಅದನ್ನು ಇಟ್ಟು, ಸ್ವಲ್ಪ ಉದ್ದದ ಇನ್ನೊಂದನ್ನು ಎತ್ತಿದರು. ಗೋಡೆಯ ಕ್ಯಾಲೆಂಡರಿನತ್ತ ಹಿಡಿದರು. ಕೈ ಅಲುಗಲಿಲ್ಲ. ಲಕ್ವ ಹೊಡೆದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆಯನ್ನು ನಾನು ಕಂಡಿದ್ದು ಅದೇ ಮೊದಲು. ಮದುವೆಯ ಸೀರೆ ಆರಿಸಿದವರ ಹಾಗೆ ನನ್ನ ಕಡೆ ನೋಡಿದರು.

"ಏನಕ್ಕೆ ಯಜಮಾನ್ರೆ?" ಎಂದು ಅಂಗಡಿಯವರು ಕೇಳಿದರು. ಮಾವ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು. ಹಂದಿ, ಹಿಂಗಾಲು, ಹಳ್ಳ, ಎಲ್ಲವನ್ನೂ. ಕೊನೆಗೆ, "ಒಂದೇ ಏಟಿಗೆ ಬೀಳ್ತೈತಾ?" ಎಂದರು.

ಅಂಗಡಿಯವರು ಮಾವನ ಎಡಗೈಯತ್ತ ನೋಡಿದರು. ಸುಳ್ಳು ಹೇಳಿ ಆಸೆ ಹುಟ್ಟಿಸಬಹುದಿತ್ತು, ಹೇಳಲಿಲ್ಲ. "ಇದು ಮನುಷ್ಯರಿಗೆ ಹೆದರ್ಕೆ ಇರ್ಲಿ ಅಂತ ಮನೇಲಿ ಇಟ್ಕೊಳ್ಳೋದು. ಹಂದಿ ಚರ್ಮ, ಅದರ ಕೆಳಗಿನ ಕೊಬ್ಬು ನಿಮಗೇ ಗೊತ್ತೈತೆ. ಇದ್ರಾಗೆ ಹೊಡೆದ್ರೆ ಇನ್ನೊಂದ್ ಗಾಯ ಆಗ್ತೈತೆ ಅಷ್ಟೆ, ಸಾಯಲ್ಲ" ಎಂದರು. ಮಾವನಿಗೆ ಅಷ್ಟು ಸಾಕಾಗಲಿಲ್ಲ. ಹಾಗಾದರೆ ಸಾಯಿಸುವಂಥದ್ದು ಹೇಗಿರುತ್ತದೆ ಎಂದು ಕೇಳಿದರು. ಯಾವುದೋ ದೊಡ್ಡ ಮನೆತನದಿಂದ ರಿಪೇರಿಗೆ ಬಂದಿದ್ದ ಒಂದು ಹಳೆಯ ರಿವಾಲ್ವರ್ ಒಳಗಿತ್ತು. ಮಾರಲಿಕ್ಕಲ್ಲ, ತೂಕ ತಿಳಿಯಲಿ ಎಂದು ಅಂಗಡಿಯವರು ಅದನ್ನು ತಂದು ಬಟ್ಟೆಯ ಮೇಲಿಟ್ಟರು. ಕಪ್ಪಗೆ, ಉದ್ದಕ್ಕೆ, ಇಟ್ಟಾಗಲೇ ಮೇಜು ಸದ್ದು ಮಾಡಿತು.

ಮಾವ ಎತ್ತಿದರು. ಕ್ಯಾಲೆಂಡರಿನತ್ತ ಹಿಡಿದರು. ನಳಿಗೆ ಮೆಲ್ಲಗೆ ಕೆಳಗೆ ಬಾಗಿತು. ಮತ್ತೆ ಎತ್ತಿದರು, ಮತ್ತೆ ಬಾಗಿತು. ಆಸರೆ ಕೊಡಲು ಅವರ ಮೈ ಎಡಗೈಯನ್ನು ಕರೆಯುತ್ತಿತ್ತು. ಆ ಕೈ ತೊಡೆಯ ಮೇಲೆ ಬಟ್ಟೆ ಗಂಟಿನಂತೆ ಬಿದ್ದಿತ್ತು. ಹಣೆಯಲ್ಲಿ ಬೆವರು. ನಾನು ಮುಖ ತಿರುಗಿಸಿ ಬೀದಿ ನೋಡಿದೆ. ನನಗೆ ನೋಡಲಾಗಲಿಲ್ಲ. ಅವರು ಎತ್ತಬಲ್ಲದ್ದು ಕೊಲ್ಲುವುದಿಲ್ಲ, ಕೊಲ್ಲುವಂಥದ್ದನ್ನು ಅವರು ಎತ್ತಲಾರರು.

ಕೊನೆಗೆ ಮಾವ ಅದನ್ನು ಸದ್ದಾಗದ ಹಾಗೆ ಬಟ್ಟೆಯ ಮೇಲೆ ಇಟ್ಟರು. "ಬ್ಯಾಡ ಬಿಡ್ರಿ. ಒಂದು ಅರೆಜೀವ ಬಿಟ್ಟು ಬಂದೀನಿ. ಇನ್ನೊಂದ್ಸಲ ಅರೆಜೀವ ಮಾಡಾಕೆ ನನ್ನಿಂದ ಆಗಲ್ಲ" ಎಂದರು. ಅಂಗಡಿಯವರು ಚಹಾ ತರಿಸಿದರು. ಮಾವ ಕುಡಿಯಲಿಲ್ಲ. ಬಸ್ಸು ಹೊನ್ನಾಳಿಯ ಹೊಳೆಗೆ ಬಂತು. ಸೇತುವೆಯ ಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಹೆಂಗಿರ್ತೈತೋ ಏನೋ ಈಗ" ಎಂದರು. ಅವರ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಸೊಸೆ ಮಾವನ ಕೈ ಹಿಡಿಯುವುದು ನಮ್ಮಲ್ಲಿ ವಾಡಿಕೆಯಲ್ಲ. ಹೇಗಿದ್ದರೂ ಅವರಿಗೆ ಆ ಕೈಯಲ್ಲಿ ಸ್ಪರ್ಶ ಗೊತ್ತಾಗುತ್ತಿರಲಿಲ್ಲ.

ಜಗಳೂರು ಕಡೆಯ ಸೊಕ್ಕೆಯಲ್ಲಿ ಮಾವನ ಶಿಕಾರಿ ಕಾಲದ ಜೊತೆಗಾರರೊಬ್ಬರಿದ್ದರು. ಅವರನ್ನು ನಾವು ಸೊಕ್ಕೆ ಅಜ್ಜ ಎನ್ನುತ್ತಿದ್ದೆವು. ಮಾವ ದಿನದಿನಕ್ಕೆ ಒಣಗುತ್ತಿದ್ದುದನ್ನು ನೋಡಲಾರದೆ ನಾನೇ ಅವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಜೊತೆಗಾರರು ಹುಡುಕಲು ಬರಬೇಕೆಂಬುದೂ ಅವರ ಕಟ್ಟಳೆಯಂತೆ. ವಾರದೊಳಗೆ ಸೊಕ್ಕೆ ಅಜ್ಜ ಬಸ್ಸು ಬದಲಾಯಿಸಿಕೊಂಡು ಬಂದಿಳಿದರು. ಹೆಗಲ ಚೀಲವನ್ನು ಕೆಳಗೂ ಇಡದೆ, ಕೋಲು ಹಿಡಿದು ಹಳ್ಳಕ್ಕೆ ಇಳಿದರು. ಊಟದ ಹೊತ್ತಿಗೆ ಮೈಯೆಲ್ಲ ಮುಳ್ಳು ಗೀರಿಸಿಕೊಂಡು ಮೇಲೆ ಬಂದರು.

"ಸಿಕ್ತು ಕಣೋ. ಸತ್ತು ಭಾಳ ದಿನ ಆಗೈತೆ. ಸುಮ್ನೆ ಕೊರಗ್ತೀಯಲ್ಲ" ಎಂದು ಚೀಲದಿಂದ ಹಂದಿಯ ದವಡೆಯ ಮೂಳೆಯೊಂದನ್ನು ತೆಗೆದು ಕಂಬಳಿಯ ಮೇಲಿಟ್ಟರು. ಹಳ್ಳದ ಕೆಸರು ಮೆತ್ತಿತ್ತು. ನಮ್ಮ ಮನೆಯವರ ಮುಖ ಅರಳಿತು. ನನಗೂ ಅಳು ಬರುವಷ್ಟು ಖುಷಿಯಾಯಿತು. ಮಾವ ದವಡೆಯನ್ನು ಎತ್ತಿ, ಹೆಬ್ಬೆರಳಿನಿಂದ ಕೆಸರು ಒರೆಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

ಅಲ್ಲಿ ಒಂದು ತೂತಿತ್ತು. ಗುಂಡಗೆ, ಅಂಚು ಸವೆದು, ಸುತ್ತ ತುಕ್ಕಿನ ಬಣ್ಣ ಹಿಡಿದ ಮೊಳೆಯ ತೂತು. ಶಿಕಾರಿಯವರು ತಾವು ಹೊಡೆದ ಹಂದಿಯ ದವಡೆಯನ್ನು ಗೋಡೆಗೆ ನೇತುಹಾಕುತ್ತಿದ್ದರಲ್ಲ, ಅಂಥದ್ದು. ಸೊಕ್ಕೆ ಅಜ್ಜ ತಮ್ಮ ಮನೆಯ ಗೋಡೆಯಿಂದಲೇ ಅದನ್ನು ಬಿಚ್ಚಿ ತಂದಿದ್ದರು. ಕೆಸರು ಮೆತ್ತುವುದು ಹೊಳೆದಿತ್ತು, ತೂತು ಮುಚ್ಚುವುದು ಹೊಳೆದಿರಲಿಲ್ಲ. ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ನಾನೂ ನೋಡಿದೆ.

ಮಾವ ತಲೆಯೆತ್ತಿ ಗೆಳೆಯನ ಗೀರುಬಿದ್ದ ಕೈಗಳನ್ನು ನೋಡಿದರು, ಮಗನ ಅರಳಿದ ಮುಖವನ್ನು ನೋಡಿದರು. ಹೆಬ್ಬೆರಳನ್ನು ಆ ತೂತಿನ ಮೇಲೆಯೇ ಒತ್ತಿ ಇಟ್ಟುಕೊಂಡು, "ಸಿಕ್ತಲ್ಲ ಬಿಡು. ಊಟಕ್ಕೆ ಹಾಕವ್ವ" ಎಂದರು.

ಅವತ್ತು ಮಾವ ಎಲ್ಲರ ಎದುರಿಗೆ ಕೋಳಿ ಸಾರು ಉಂಡರು. ಚೆನ್ನಾಗೈತೆ ಎಂದು ಎರಡು ಸಲ ಹೊಗಳಿದರು. ಸೊಕ್ಕೆ ಅಜ್ಜ ಜೋರಾಗಿ ಹಳೆಯ ಕಥೆಗಳನ್ನು ತೆಗೆದು ನಗಿಸಿದರು. ಬಡಿಸಲು ಬಾಗಿದಾಗ ನೋಡಿದೆ: ಮಾವನ ತಟ್ಟೆಯ ಅಂಚಿನಲ್ಲಿ, ಕರಿಬೇವಿನ ಎಸಳುಗಳ ಕೆಳಗೆ ಮರೆಮಾಡಿ, ಮೊದಲ ತುತ್ತು ಹಾಗೆಯೇ ಇತ್ತು. ಸೊಕ್ಕೆ ಅಜ್ಜನೂ ಅದನ್ನು ನೋಡಿದರೆಂದು ಕಾಣುತ್ತದೆ. ಹಿತ್ತಲಿಗೆ ಕೈ ತೊಳೆಯಲು ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಮುಂದಿನ ಬಿತ್ತನೆಗೆ ಮಾವ ಇರಲಿಲ್ಲ. ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿದೆವು, ಮತ್ತೆ ತರಲಿಲ್ಲ. ಆ ಮೊಳೆಗೆ ಈಗ ಸೊಕ್ಕೆ ಅಜ್ಜ ತಂದ ದವಡೆಯನ್ನೇ ನೇತುಹಾಕಿದ್ದೇವೆ. ತೂತಂತೂ ಮೊದಲೇ ಇತ್ತಲ್ಲ... ಅವರಿಲ್ಲದ ಮನೆ ನನಗೆ ಇವತ್ತಿಗೂ ರೂಢಿಯಾಗಿಲ್ಲ. ಎಣ್ಣೆಯ ಸೀಸೆ ಈಗ ಬೇಗ ಮುಗಿಯುವುದಿಲ್ಲ, ಅದಕ್ಕೂ ಸಂಕಟವಾಗುತ್ತದೆ.

ಮೊನ್ನೆ ಹಾಗೆ ಸೀಸೆ ಹಿಡಿದು ಕೂತಿದ್ದಾಗಲೇ ಹಳ್ಳದ ಕಡೆಯಿಂದ ಒಂದು ದನಿ ಬಂತು. ಎಳೆದೆಳೆದು ಕಿರುಚಿದ ಹಾಗೆ. ಆ ಸಂಜೆ ಕೇಳಿದ್ದೇ ದನಿ. ಇಷ್ಟು ವರ್ಷಕ್ಕೆ ಆ ಹಂದಿ ಬದುಕಿರಲಾರದೆಂದು ನನಗೆ ಗೊತ್ತು. ಆದರೂ ಒಳಗೆ ಹೋಗಿ ನಮ್ಮ ಮನೆಯವರನ್ನು, "ಕೇಳಿಸ್ತೇನ್ರಿ?" ಎಂದು ಕೇಳಿದೆ.

"ಏನು? ನಂಗೇನೂ ಕೇಳಿಸ್ಲಿಲ್ಲ. ಊಟಕ್ಕೆ ಹಾಕು" ಎಂದರು.

ತಟ್ಟೆಗೆ ಮುದ್ದೆ ಹಾಕಿ ಸಾರು ಬಿಟ್ಟೆ. ಅವರು ಮುದ್ದೆ ಮುರಿದು, ಮೊದಲ ತುತ್ತನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಇಟ್ಟು, ತಲೆ ತಗ್ಗಿಸಿ ಉಣ್ಣತೊಡಗಿದರು.