ಬಣ್ಣದ ಕೊಂಡಿ

ನಮ್ಮವರ ಕೈಗೆ ಎಂಜಿನ್ ಸಿಕ್ಕರೆ ಅದು ಬಾಯಿ ಬಿಡಲೇಬೇಕು. ಇದು ನಾನು ಕಟ್ಟಿದ ಮಾತಲ್ಲ, ನಮ್ಮ ಬೀದಿಯ ಮಾತು. ಬೀದಿಗೆಲ್ಲ ಅವರು ಮೇಸ್ತ್ರಿ. ನಾನು ಅವರ ಕಾರು ರಿಪೇರಿ ಶೆಡ್ಡಿನ ಮುಂಭಾಗದಲ್ಲಿ, ಬಿಡಿಭಾಗಗಳ ಕಪಾಟಿನ ಎದುರು ಸ್ಟೂಲು ಹಾಕಿಕೊಂಡು ಕೂತವಳು. ಮದುವೆಯಾಗಿ ಬಂದಾಗ ಸ್ಪ್ಯಾನರಿಗೂ ಸೌಟಿಗೂ ವ್ಯತ್ಯಾಸ ತಿಳಿಯದವಳು, ಈಗ ಬೇರಿಂಗು ಮುಟ್ಟಿ ನೋಡಿ ಅಳತೆ ಹೇಳುತ್ತೇನೆ. ಎಲ್ಲ ಅವರೇ ಕಲಿಸಿದ್ದು. ಕಲಿಸುವಾಗ ಬೈಯುತ್ತಿದ್ದರು, ನಾನೇನು ಕಡಿಮೆಯವಳೇ, ಬಡ್ಡಿ ಸಮೇತ ವಾಪಸ್ ಕೊಡುತ್ತಿದ್ದೆ.

ಈಚೆಗೆ ಬೈಗುಳ ಕಡಿಮೆಯಾಗಿತ್ತು. ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದರು. ಒಮ್ಮೆ ಮನೆಯ ತಿರುವಿನಲ್ಲಿ ನಿಂತು, ಯಾವ ಕಡೆಗೆ ಎನ್ನುವಂತೆ ನನ್ನ ಮುಖ ನೋಡಿದರು. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದುಕೊಂಡೆ. ಎಂಜಿನ್ ಮುಂದೆ ನಿಂತರೆ ಮಾತ್ರ ಅವರು ಹಳೆಯ ಮೇಸ್ತ್ರಿಯೇ. ನನಗಿದ್ದ ಧೈರ್ಯ ಅದೊಂದೇ.

ಹಿಂದಿನ ಬೀದಿಯ ಟ್ಯಾಕ್ಸಿಯವನು ಕಾರು ತಂದ. "ಮೇಸ್ತ್ರಿ, ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಗರಗರ ಅನ್ನುತ್ತೆ. ಇಲ್ಲಿಗೆ ಬಂದ ತಕ್ಷಣ ಮೇಷ್ಟ್ರನ್ನ ಕಂಡ ಮಕ್ಕಳ ಥರ ಗಪ್‌ಚಿಪ್."

"ಬಿಸಿ ಎಂಜಿನ್ ಸುಳ್ಳು ಹೇಳುತ್ತೆ," ಎಂದರು ನಮ್ಮವರು. "ಇಲ್ಲೇ ಬಿಟ್ಟು ಹೋಗಿ. ನಾಳೆ ತಣ್ಣಗಿರೋವಾಗ ಕೇಳೋಣ."

ಮರುದಿನ ಬೆಳಗ್ಗೆ ಕೀ ತಿರುಗಿಸಿದರೆ ಎಂಜಿನ್ನಿನ ಮುಂಬದಿಯಲ್ಲಿ ಒಣ ಗರಗರ. ಆಯಿಲ್ ಮೇಲೇರುತ್ತಿದ್ದಂತೆ ಸದ್ದು ಮಾಯ. ಅವರು ಮುಚ್ಚಳ ಬಿಚ್ಚಿ, ಒಳಗಿನ ಹಲ್ಲುಚಕ್ರಗಳನ್ನು ಜೊತೆಜೊತೆಗೆ ತಿರುಗಿಸುವ ಟೈಮಿಂಗ್ ಚೈನನ್ನು ಸ್ಕ್ರೂಡ್ರೈವರಿನಿಂದ ಒತ್ತಿದರು. ಬಿಗಿಯಾಗಿರಬೇಕಾದದ್ದು ಒಳಗೆ ಕುಸಿಯಿತು. ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಚಾಚುವಷ್ಟೂ ಚಾಚಿ ಮುಗಿದಿತ್ತು. "ಚೈನ್ ಸವೆದು ಉದ್ದ ಆಗಿದೆ. ಚಕ್ರದ ಒಂದು ಹಲ್ಲು ದಾಟಿದ್ರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ, ಎಂಜಿನ್ ಕತೆ ಮುಗೀತು," ಎಂದರು. ಒಂದು ಮಾತೂ ತಪ್ಪಿರಲಿಲ್ಲ. ನನಗೆ ಹೊಟ್ಟೆ ತುಂಬಿತು.

ಹೊಸ ಚೈನಿನಲ್ಲಿ ಕೆಲವು ಕೊಂಡಿಗಳಿಗೆ ಬಣ್ಣ ಬಳಿದಿರುತ್ತದೆ. ಕೆಳಗಿನ ಚಕ್ರಕ್ಕೊಂದು, ಮೇಲಿನ ಚಕ್ರಗಳಿಗೊಂದೊಂದು ಚುಕ್ಕಿ. ಆ ಚುಕ್ಕಿಗಳಿಗೆ ಬಣ್ಣದ ಕೊಂಡಿ ಸರಿಯಾಗಿ ಕೂರಬೇಕು. ಆಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು. ಚುಕ್ಕಿಗಳು ಜಾಗಕ್ಕೆ ಮರಳುತ್ತವೆ, ಬಣ್ಣದ ಕೊಂಡಿಗಳು ಮರಳುವುದಿಲ್ಲ, ಎಲ್ಲೆಲ್ಲೋ ಹೋಗಿರುತ್ತವೆ. ಕಲಿಯುವವರು ಹೆದರುವುದು ಇಲ್ಲೇ. ನಾನು ಹೆದರಿದಾಗ ಅವರು ನಕ್ಕಿದ್ದರು: "ಬಣ್ಣದ ಕೊಂಡಿ ಮದುವೆಗೆ ಬಂದ ನೆಂಟರ ಥರ ಕಣೇ. ಕೂರಿಸೋವಾಗ ಇದ್ರೆ ಸಾಕು. ಊಟ ಆದ್ಮೇಲೆ ಎಲ್ಲಿ ಹೋದ್ರು ಅಂತ ಹುಡುಕಬಾರದು."

ಅವತ್ತು ಟ್ಯಾಕ್ಸಿಗೆ ಹೊಸ ಚೈನ್ ಕೂರಿಸಿ, ಎರಡು ಸುತ್ತು ತಿರುಗಿಸಿದರು. ಚುಕ್ಕಿಗಳು ಸರಿಯಾಗಿದ್ದವು. ಅವರು ಬಗ್ಗಿ ನೋಡಿ, ಮತ್ತೆ ಬಗ್ಗಿ ನೋಡಿ, "ತಪ್ಪಾಗಿದೆ," ಎಂದರು. ತಮಾಷೆ ಎಂದುಕೊಂಡೆ. ಅವರು ಚೈನ್ ಬಿಚ್ಚಿದರು. ಮತ್ತೆ ಕೂರಿಸಿದರು, ತಿರುಗಿಸಿದರು, ಮತ್ತೆ ಬಿಚ್ಚಿದರು.

ಕಾರಿಗೆಂದು ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಟ್ಯಾಕ್ಸಿಯವನು ಎದ್ದು ನನ್ನ ಬಳಿ ಬಂದ. "ಏನಕ್ಕಾ ಇದು? ಸಂಜೆ ಬಾಡಿಗೆ ಒಪ್ಪಿಕೊಂಡಿದೀನಿ. ಇಲ್ಲಿ ಆಗಲ್ಲ ಅಂದ್ರೆ ಹೇಳಿ, ಎಳಕೊಂಡು ಬೇರೆ ಕಡೆ ಹೋಗ್ತೀನಿ."

"ಆಗುತ್ತೆ ಕೂತ್ಕೋ. ಅವಸರಕ್ಕೆ ನೀನೇ ಚೈನ್ ಹಾಕಿಬಿಡ್ತೀಯಾ?" ಎಂದು ರೇಗಿದೆ. ಒಳಗೆ ಮಾತ್ರ ಲೆಕ್ಕ ಬೇರೆ ಇತ್ತು. ಹೊಟ್ಟೆ ಬಗೆದ ಕಾರು ಹಾಗೇ ಹೊರಗೆ ಹೋದರೆ ಬೀದಿಗೆ ಬಾಯಿ ಬರುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆಮೇಲೆ ಯಾರೂ ಅವರ ಕೈಗೆ ಎಂಜಿನ್ ಕೊಡುವುದಿಲ್ಲ. ಎಂಜಿನ್ ಇಲ್ಲದ ಮೇಲೆ ಅವರಲ್ಲಿ ಅವರು ಎಷ್ಟು ಉಳಿದಾರು?

ಹತ್ತಿರ ಹೋಗಿ ಮೆಲ್ಲಗೆ, "ರೀ, ಬಣ್ಣದ ಕೊಂಡಿ ವಾಪಸ್ ಬರಲ್ಲ. ಚುಕ್ಕಿ ಸರಿ ಇದ್ರೆ ಸಾಕು," ಎಂದೆ.

"ಯಾರು ಹೇಳಿದ್ದು ನಿಂಗೆ?"

"ನೀವೇ."

"ನಾನಾ?" ಎಂದು ನನ್ನನ್ನೇ ನೋಡಿದರು. ಸಿಟ್ಟಾದರೂ ಬರಬಾರದಿತ್ತೇ? ಆ ಕಣ್ಣಲ್ಲಿ ಇದ್ದದ್ದು ಬರೀ ಹೆದರಿಕೆ. ತಿರುಗಿ, ಚೈನನ್ನು ಮತ್ತೆ ಚುಕ್ಕಿಗೆ ಕೂರಿಸತೊಡಗಿದರು.

ಕೂರಿಸಿ ಮುಗಿಸಿ, ತಿರುಗಿಸಲು ಸ್ಪ್ಯಾನರ್ ಎತ್ತಿಕೊಂಡಾಗ ತಡೆದೆ. "ಟೀ ಆರಿ ಹೋಗ್ತಿದೆ. ಕೈ ತೊಳಕೊಂಡು ಕುಡಿದು ಬನ್ನಿ." ಹೇಳಿದ ಮಾತು ಎಂದೂ ಕೇಳದವರು ಅವತ್ತು ತೆಪ್ಪಗೆ ನಲ್ಲಿಯ ಕಡೆ ನಡೆದರು. ನಾನು ಬಟ್ಟೆಗೆ ಥಿನ್ನರ್ ಹಾಕಿಕೊಂಡು ಬಗ್ಗಿದೆ. ಒಂದೊಂದು ಚುಕ್ಕಿಯನ್ನೂ ಕೊಂಡಿಯನ್ನೂ ಬೆರಳಿಟ್ಟು ನೋಡಿದೆ. ಎಲ್ಲ ಸರಿಯಾಗಿತ್ತು. ಪ್ರತಿ ಸಲವೂ ಸರಿಯಾಗಿಯೇ ಇತ್ತು. ಒಂದೊಂದಾಗಿ ಬಣ್ಣ ಒರೆಸಿಬಿಟ್ಟೆ. ಅವರ ಕೆಲಸದ ಮೇಲೆ ಕಳ್ಳಿಯ ಹಾಗೆ ಕೈ ಹಾಕುತ್ತಿದ್ದೇನಲ್ಲ ಎಂದು ಅಳು ಬಂತು, ಅಳಲಿಲ್ಲ.

ಅವರು ಬಂದು ಎರಡು ಸುತ್ತು ತಿರುಗಿಸಿದರು. ಚುಕ್ಕಿ ನೋಡಿದರು. ಬೇರೇನೋ ಹುಡುಕಿದರು, ಹುಡುಕುತ್ತಿದ್ದದ್ದು ಏನೆಂದು ಮರೆತರು. "ಸರಿ ಇದೆ," ಎಂದರು. ಎಲ್ಲ ಮುಚ್ಚಿ ಕೀ ತಿರುಗಿಸಿದರೆ ಗರಗರ ಇಲ್ಲ. ಟ್ಯಾಕ್ಸಿಯವನು, "ಸುಮ್ಮನೆ ಹೆದರಿಸಿಬಿಟ್ರಿ ಮೇಸ್ತ್ರಿ," ಎಂದು ನಗುತ್ತಾ ಹೊರಟ.

ನಮ್ಮವರ ಮುಖ ಬೆಳಗಿತ್ತು. ಹಳೆಯ ಚೈನ್ ಎತ್ತಿಕೊಂಡು ನನ್ನ ಸ್ಟೂಲಿನ ಪಕ್ಕ ಬಂದು ಕೂತರು. "ನಿನಗೊಂದು ವಿಷಯ ಹೇಳಿಕೊಡ್ತೀನಿ, ಸರಿಯಾಗಿ ಕೇಳಿಸ್ಕೋ. ಹೊಸ ಚೈನಲ್ಲಿ ಬಣ್ಣದ ಕೊಂಡಿ ಇರುತ್ತೆ. ಅದು ಮದುವೆಗೆ ಬಂದ ನೆಂಟರ ಥರ. ತಿರುಗಿಸಿದ್ಮೇಲೆ ಹುಡುಕಬಾರದು. ಗೊತ್ತಿತ್ತಾ?"

ಬಣ್ಣ ಹತ್ತಿದ ಬಟ್ಟೆ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

"ಇಲ್ಲ ಕಣ್ರೀ," ಎಂದೆ. "ಇನ್ನೊಂದ್ಸಲ ಹೇಳಿ."