ಬೆನ್ನಿನ ಫೋಟೋ

ಹಾನಗಲ್–ಶಿಗ್ಗಾಂವ ಬಸ್ಸಿನ ಹಿಂದಿನ ಸೀಟಿನಲ್ಲಿ ಮೂವತ್ತನಾಲ್ಕು ವರ್ಷ ಕೂತ ಕಂಡಕ್ಟರ್ ಶಂಭುಲಿಂಗಪ್ಪನವರಿಗೆ ಮನುಷ್ಯರೆಂದರೆ ಬೆನ್ನು, ತುರುಬು, ಟೊಪ್ಪಿಗೆ ಅಷ್ಟೇ. ನಿವೃತ್ತರಾಗಿ ಊರೂರು ತಿರುಗುವಾಗಲೂ ಮೊಬೈಲು ಹಿಡಿದು ಎಲ್ಲರ ಹಿಂದೆಯೇ ನಿಲ್ಲುತ್ತಾರೆ. ಕಾಶಿಯಲ್ಲಿ ಹೆಂಡತಿ ಶಿವಬಸವ್ವನ ಬೆನ್ನು, ಕನ್ಯಾಕುಮಾರಿಯಲ್ಲಿ ಸೂರ್ಯನಿಗೆ ಅಡ್ಡವಾದ ಅವಳ ತುರುಬು. ಗುಂಪಿನ ಫೋಟೋ ಎಂದರೆ, "ಮುಂದ ಹೋಗ್ರಿ, ಜಾಗಾ ಐತಿ" ಎನ್ನುತ್ತ ಎಲ್ಲರನ್ನೂ ಫೋಟೋದಿಂದಲೇ ಆಚೆ ದಾಟಿಸಿಬಿಡುತ್ತಾರೆ. "ನನ್ನ ಮಾರಿ ಎಲ್ಲೈತ್ರಿ?" ಎಂದು ಶಿವಬಸವ್ವ ಮುಖವೇ ಇಲ್ಲದ ಫೋಟೋ ತೋರಿಸಿ ಕೇಳಿದರೆ, "ಗುರ್ತಿನ ಮಾರಿಗೆ ಫೋಟೋ ಯಾಕ?" ಎನ್ನುತ್ತಾರೆ. ಮೊನ್ನೆ ಹಂಪಿಯಲ್ಲಿ ಅವಳೇ ಮೊಬೈಲು ಕಸಿದುಕೊಂಡು, ಅವರನ್ನು ಮುಂದೆ ನಡೆಯಬಿಟ್ಟು ಅವರ ಬೆನ್ನಿನ ಫೋಟೋ ತೆಗೆದಳು. "ಇದೆಂಥಾ ಫೋಟೋ?" ಎಂದು ಗೊಣಗಿದರು. "ನೀವು ನಸುಕಿನ್ಯಾಗ ಡ್ಯೂಟಿಗೆ ಹೊಂಟಾಗ ಬಾಗಲದಾಗ ನಿಂತು ಇದನ್ನ ನೋಡತಿದ್ನಿ," ಎಂದಳು, "ನಿಮ್ಮ ಮಾರಿಗಿಂತ ನನಗ ಇದರ ಗುರ್ತ ಭಾಳ."