ನಲವತ್ತೊಂದನೆಯ ರಾಜೀನಾಮೆ ಪತ್ರ

ಬೃಂದಾ ಕಳೆದ ಮಂಗಳವಾರ ಬೆಳಗ್ಗೆ ಜೀವನ್ ಬಿಮಾ ನಗರದ ತನ್ನ ಮನೆಯಲ್ಲಿ ತೀರಿಕೊಂಡಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ವೈದ್ಯರು. ವಯಸ್ಸು ನಲವತ್ತೊಂಬತ್ತು. ಕಾನೂನು ಸ್ನಾತಕೋತ್ತರ ಪದವಿಯ ಪ್ರಬಂಧವನ್ನು ಆ ವಾರವೇ ಸಲ್ಲಿಸಬೇಕಿತ್ತು.

ನಾವಿಬ್ಬರೂ ಹಲಸೂರಿನ ಒಂದೇ ಶಾಲೆಯಲ್ಲಿ ಓದಿದವರು. ಮುಂದೆ ಅವಳು ಕೆ.ಆರ್. ಪುರದ ಕಡೆ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಗೆ ಕಾರ್ಯದರ್ಶಿಯಾದಳು. ನಿರ್ದೇಶಕರ ಸಭೆ ಕರೆಯುವುದು, ಅದರ ನಡಾವಳಿ ಬರೆಯುವುದು ಅವಳ ಕೆಲಸ. ಒಮ್ಮೆ, ನಡೆಯದೇ ಇದ್ದ ಸಭೆಯೊಂದಕ್ಕೆ ನಡಾವಳಿ ಬರೆಯಲು ಹೇಳಿದರು. ಅವಳು ಬರೆಯಲಿಲ್ಲ. ‘ವೈಯಕ್ತಿಕ ಕಾರಣಗಳಿಂದ’ ಎಂದು ರಾಜೀನಾಮೆ ಕೊಟ್ಟು ಬಂದಳು. ನಡಾವಳಿಯನ್ನು ಬೇರೆ ಯಾರೋ ಬರೆದರು. ಮರುವರ್ಷ ಆ ಸಭೆಯ ಬಗ್ಗೆ ವಿಚಾರಣೆಯಾದಾಗ, ಸಭೆಗಳಿಗೆ ಟೀ ಕೊಡುತ್ತಿದ್ದ ಅಟೆಂಡರ್ ಬೈಲಪ್ಪ, “ಅವತ್ತು ರೂಮಿನ ಬೀಗಾನೇ ತೆಗ್ದಿಲ್ಲ ಸಾರ್, ಟೀ ಯಾರಿಗ್ ಕೊಡ್ಲಿ?” ಎಂದನಂತೆ. ಅವನ ಮಾತನ್ನು ಯಾರೂ ನಂಬಲಿಲ್ಲ. ಅವನ ಕೆಲಸ ಹೋಯಿತು. ಬೃಂದಾಳನ್ನೂ ಕೇಳಿದ್ದರು. ತನಗೇನೂ ಗೊತ್ತಿಲ್ಲ, ತಾನು ಬಿಟ್ಟದ್ದು ವೈಯಕ್ತಿಕ ಕಾರಣಕ್ಕೆ ಎಂದಳು.

ಹನ್ನೊಂದು ವರ್ಷದ ಮೇಲೆ ಮತ್ತೆ ಓದಲು ಸೇರಿದಳು. ಕಂಪನಿಗಳ ಆಡಳಿತವನ್ನು ಬೇರೆ ಬೇರೆ ದೇಶಗಳ ಕಾನೂನು ಹೇಗೆ ಹಿಡಿತದಲ್ಲಿಡುತ್ತದೆ ಎಂಬುದು ವಿಷಯ. ಪ್ರಬಂಧಕ್ಕೆ ಅವಳು ಆರಿಸಿಕೊಂಡದ್ದು ರಾಜೀನಾಮೆ ಪತ್ರಗಳನ್ನು. ಭಾರತ, ಇಂಗ್ಲೆಂಡ್, ಜಪಾನಿನ ನಿರ್ದೇಶಕರು, ಕಾರ್ಯದರ್ಶಿಗಳು ಬರೆದ ನಲವತ್ತು ಪತ್ರ. ಹೆಸರುಗಳ ಮೇಲೆ ಕಪ್ಪು ಪಟ್ಟಿ.

“ಜಪಾನ್ನೋರೂ ಅದನ್ನೇ ಬರೀತಾರೆ ಕಣೇ, ವೈಯಕ್ತಿಕ ಕಾರಣ. ಕಂಪನಿ ಮುಳುಗೋ ಹೊತ್ತಿಗೆ ಸರಿಯಾಗಿ ಎಲ್ರಿಗೂ ಮನೆಯೋರ ಜ್ಞಾಪಕ ಬರತ್ತೆ,” ಎಂದು ಇಂದಿರಾನಗರದ ದರ್ಶಿನಿಯಲ್ಲಿ ನಿಂತು ನಕ್ಕಳು. ಆಮೇಲೆ, “ನಂದೂ ಸೇರಿಸ್ತೀನಿ,” ಎಂದಳು.

“ತಲೆ ಕೆಟ್ಟಿದ್ಯಾ? ಆವಾಗ ಸುಳ್ಳು ಹೇಳಿದ್ದೆ ಅಂತ ನೀನೇ ಬರ್ದುಕೊಟ್ಟಂಗಾಗತ್ತೆ. ಆ ಕಂಪನಿಯೋರು ಸುಮ್ನಿರ್ತಾರಾ? ಡಿಗ್ರಿಗೂ ಕುತ್ತು.”

“ಬೈಲಪ್ಪಂದು ಕೆಲ್ಸಾನೇ ಹೋಯ್ತಲ್ಲ.”

“ಹೆಸರಿಗಾದ್ರೂ ಕಪ್ಪು ಹಚ್ಚು,” ಎಂದೆ. ಅವಳು ಕಾಫಿ ಮುಗಿಸಿ ಲೋಟ ಇಟ್ಟಳು. ಅವಳಿಗೆ ನಾನು ಹೇಳಿದ ಕೊನೆಯ ಮಾತು ಅದು.

ಗುರುವಾರ, ಅವಳು ಬೈಂಡಿಂಗಿಗೆ ಕೊಟ್ಟಿದ್ದ ಪ್ರಬಂಧದ ಪ್ರತಿಗಳನ್ನು ತರಲು ಶಿವಾಜಿನಗರಕ್ಕೆ ಹೋದೆ. ಬೈಂಡಿಂಗ್ ಮಾಡುವ ಇನಾಯತ್ ಉಲ್ಲಾ ಅವರಿಗೆ ಸುದ್ದಿ ತಿಳಿದಿರಲಿಲ್ಲ. ಹೇಳಿದೆ. ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟು, ಸೋಮವಾರ ಸಂಜೆ ನಡೆದದ್ದನ್ನು ಹೇಳಿದರು.

ಹೊಲಿಯುವ ಮುಂಚೆ ಅವರು ಹಾಳೆಗಳನ್ನು ತಿರುವಿ ನೋಡಿದ್ದರು.

“ಮೇಡಂ, ಕೊನೇ ಲೆಟರಲ್ಲಿ ಹೆಸರು ಹಂಗೇ ಇದೆ. ಕಪ್ಪು ಮಾಡೋದು ಮರ್ತಿದೀರ.”

“ಮರ್ತಿಲ್ಲ ಭಾಯ್. ಅದು ನಾನೇ. ಒಂದ್ ಪೆನ್ ಕೊಡಿ.”

ನಾಲ್ಕು ಪ್ರತಿಗಳಲ್ಲೂ ‘ವೈಯಕ್ತಿಕ ಕಾರಣಗಳಿಂದ’ ಎಂಬ ಮಾತನ್ನು ಹೊಡೆದುಹಾಕಿದಳು. ಕೆಳಗೆ, ‘ಆ ದಿನ ಸಭೆ ನಡೆಯಲಿಲ್ಲ. ಬೈಲಪ್ಪ ಹೇಳಿದ್ದು ನಿಜ’ ಎಂದು ಬರೆದು ಸಹಿ ಮಾಡಿದಳು. ಹಾಳೆಗಳ ಅಂಚು ಸರಿಮಾಡಿ ಅವರ ಕೈಗೆ ಕೊಟ್ಟಳು.